ತೊಡೆದೇವು ಏಕೆ ಹರಿಯುತ್ತದೆ, ಏಕೆ ಅಂಟುತ್ತದೆ, ಏಕೆ ಮೆತ್ತಗಾಗುತ್ತದೆ

ಸಾಗರ, ಹೊಸನಗರ, ಸೊರಬದ ಕಡೆಯವರಿಗೆ, ಪಕ್ಕದ ಸಿದ್ದಾಪುರ, ಶಿರಸಿಯವರಿಗೆ ತೊಡೆದೇವಿನ ಪರಿಚಯ ಬೇಕಿಲ್ಲ. ತಿಂದಿಲ್ಲದವರಿಗೆ ಇಷ್ಟು ಹೇಳಬಹುದು: ಅಕ್ಕಿಯನ್ನು ಕಬ್ಬಿನ ಹಾಲಿನಲ್ಲಿ ನುಣ್ಣಗೆ ರುಬ್ಬಿ, ತೆಳ್ಳಗೆ ಕದಡಿ, ಬೋರಲು ಇಟ್ಟು ಕಾಯಿಸಿದ ಮಡಕೆಯ ಬೆನ್ನಿಗೆ ಬಟ್ಟೆಯಿಂದ ಸವರುತ್ತಾರೆ. ಕೆಲವೇ ಕ್ಷಣಗಳಲ್ಲಿ ಅದು ಬೆಂದು ಅಂಚು ಬಿಡುತ್ತದೆ. ಬಿಸಿಯಿರುವಾಗಲೇ ಎಬ್ಬಿಸಿ ಮುಕ್ಕೋನವಾಗಿ ಮಡಚಿದರೆ, ಕೈಯಿಂದ ಕೆಳಗಿಡುವಷ್ಟರಲ್ಲಿ ಗರಿಗರಿ. ಅದರ ಮೇಲೆ ತುಪ್ಪ, ಜೊತೆಗೆ ಬಿಸಿ ಹಾಲು.

ಇದರಲ್ಲಿ ಮುಖ್ಯ ಸಾಮಗ್ರಿ ಎರಡೇ, ಅಕ್ಕಿ ಮತ್ತು ಕಬ್ಬು. ಹುಳಿ ಬರಿಸುವ ಕೆಲಸವಿಲ್ಲ, ಕರಿಯುವುದಿಲ್ಲ, ಪಾಕ ಹಿಡಿಯುವ ಗೋಜಿಲ್ಲ. ಆದರೂ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇದನ್ನು ಮಾಡುವುದು ನಿಂತೇ ಹೋಗಿದೆ. "ಅದಕ್ಕೆಲ್ಲ ಕೈ ಬೇಕು" ಎಂದು ಹೇಳಿ ಅಂಗಡಿಯ ಪ್ಯಾಕೆಟ್ ತರುತ್ತಾರೆ. ಕೈ ಪಳಗಬೇಕು ಎನ್ನುವುದು ನಿಜ. ಆದರೆ ತೊಡೆದೇವು ಕೆಡುವುದು ಹೆಚ್ಚಾಗಿ ಕೈಯಿಂದಲ್ಲ. ಹಿಟ್ಟಿನಲ್ಲಿರುವ ಸಕ್ಕರೆಯಿಂದ, ಮಡಕೆಯ ಕಾವಿನಿಂದ, ಬಳಿದ ಎಣ್ಣೆಯಿಂದ ಕೆಡುತ್ತದೆ. ಮಡಕೆಯ ಮೇಲೆ ಆ ಕೆಲವು ಕ್ಷಣಗಳಲ್ಲಿ ಏನು ನಡೆಯುತ್ತದೆ ಎಂದು ತಿಳಿದಿದ್ದರೆ, ಹರಿದ ಹಾಳೆಯನ್ನು ನೋಡಿಯೇ ಯಾವುದು ತಪ್ಪಿತೆಂದು ಹೇಳಬಹುದು.

ನಡೆಯುವುದು ಮೂರು ಕೆಲಸ, ಒಂದರ ಬೆನ್ನಿಗೆ ಒಂದು. ಮೊದಲು ಅಕ್ಕಿಯ ಪಿಷ್ಟ ಅರಳಿ ಪೊರೆಯಾಗುತ್ತದೆ. ಆಮೇಲೆ ನೀರು ಹಾರಿಹೋಗುತ್ತದೆ. ಕೊನೆಗೆ, ಉಳಿದ ಸಕ್ಕರೆ ತಣಿಯುತ್ತ ಗಾಜಾಗುತ್ತದೆ. ಗಾಜು ಎಂದದ್ದು ಅಲಂಕಾರಕ್ಕಲ್ಲ, ಭೌತವಿಜ್ಞಾನದಲ್ಲಿ ಆ ಸ್ಥಿತಿಯ ಹೆಸರೇ ಅದು. ಅದಕ್ಕೆ ಆಮೇಲೆ ಬರುತ್ತೇನೆ.

ಅಕ್ಕಿಯ ಪಿಷ್ಟ ಸಣ್ಣ ಸಣ್ಣ ಕಣಗಳಾಗಿರುತ್ತದೆ. ತಣ್ಣೀರಿನಲ್ಲಿ ಅವು ಕರಗುವುದಿಲ್ಲ, ತೇಲಾಡಿ ನಿಧಾನಕ್ಕೆ ತಳಕ್ಕಿಳಿಯುತ್ತವೆ. ಕಾವು ಸುಮಾರು 65ರಿಂದ 78 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಳಗಿನ ಉದ್ದನೆಯ ಎಳೆಗಳು ಹೊರಬಂದು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಗಂಜಿ ಗಟ್ಟಿಯಾಗುವುದು, ನೀರುದೋಸೆ ಬಟ್ಟೆಯಂತೆ ಎದ್ದು ಬರುವುದು ಇದರಿಂದಲೇ. ಪಿಷ್ಟದಲ್ಲಿ ಎರಡು ಬಗೆ. ಕವಲಿಲ್ಲದ ನೇರ ಎಳೆಯ ಅಮೈಲೋಸ್ ಒಂದು, ಕವಲು ಕವಲಾದ ಅಮೈಲೋಪೆಕ್ಟಿನ್ ಇನ್ನೊಂದು. ಗಟ್ಟಿ ಪೊರೆಯಾಗುವ ಗುಣ ಹೆಚ್ಚಾಗಿ ಅಮೈಲೋಸಿನದು, ಅಂಟಂಟಾಗುವ ಗುಣ ಅಮೈಲೋಪೆಕ್ಟಿನ್‌ನದು. ಹಾಗಾಗಿ ಅನ್ನ ಮಾಡಿದರೆ ಉದುರುದುರಾಗುವ ಅಕ್ಕಿ ತೊಡೆದೇವಿಗೆ ಒಳ್ಳೆಯದು. ಮುದ್ದೆಯಾಗುವ ಅಕ್ಕಿಯ ಹಾಳೆ ಎಬ್ಬಿಸುವಾಗ ಎಳೆದುಕೊಂಡು ಹರಿಯುತ್ತದೆ. ಹೊಸ ಅಕ್ಕಿಗಿಂತ ಕೆಲವು ತಿಂಗಳು ಹಳೆಯದಾದ ಅಕ್ಕಿಯೇ ಮೇಲು. ಅಕ್ಕಿ ಹಳತಾದಷ್ಟೂ ಅಂಟು ಕಡಿಮೆಯಾಗುತ್ತದೆ ಎನ್ನುವುದು ಅನ್ನ ಮಾಡುವ ಎಲ್ಲರಿಗೂ ಗೊತ್ತು. ಬೆಳ್ತಿಗೆ ದೋಸೆ ಅಕ್ಕಿ ಸಾಕು, ಸೋನಾ ಮಸೂರಿಯಲ್ಲೂ ಆಗುತ್ತದೆ. ಕುಚ್ಚಲಕ್ಕಿ ಬೇಡ. ಅದರ ಪಿಷ್ಟ ಮೊದಲೇ ಒಮ್ಮೆ ಬೆಂದಿರುವುದರಿಂದ ಮಡಕೆಯ ಮೇಲೆ ಬೇರೆಯೇ ರೀತಿ ವರ್ತಿಸುತ್ತದೆ.

ಅಕ್ಕಿಯನ್ನು ನಾಲ್ಕೈದು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು ರುಬ್ಬಬೇಕು. ಎಷ್ಟು ನುಣ್ಣಗೆ ಎಂದರೆ, ಎರಡು ಬೆರಳ ನಡುವೆ ಉಜ್ಜಿದರೆ ತರಿ ಸಿಗಬಾರದು. ನೀರುದೋಸೆಗೆ ಸಣ್ಣ ತರಿ ಇದ್ದರೂ ನಡೆದೀತು, ಇಲ್ಲಿ ನಡೆಯುವುದಿಲ್ಲ. ಹಾಳೆ ಅಷ್ಟು ತೆಳುವಾದ್ದರಿಂದ ಒಂದು ತರಿ ಇದ್ದಲ್ಲಿ ಒಂದು ತೂತು. ರುಬ್ಬಿದ್ದನ್ನು ತೆಳು ಬಟ್ಟೆಯಲ್ಲಿ ಸೋಸಿಬಿಡುವುದು ಕ್ಷೇಮ. ಏಲಕ್ಕಿಯನ್ನೂ ಸಿಪ್ಪೆ ತೆಗೆದು, ಪುಡಿ ಮಾಡಿ, ಜರಡಿ ಹಿಡಿದೇ ಹಾಕಿ. ಏಲಕ್ಕಿಯ ಚೂರು ಸವರುವ ಬಟ್ಟೆಯ ಎಳೆಗೆ ಸಿಕ್ಕಿಕೊಂಡರೆ ಮುಂದಿನ ಪ್ರತಿ ಹಾಳೆಯ ಮೇಲೂ ಉದ್ದಕ್ಕೆ ಒಂದು ಗೀರು ಬೀಳುತ್ತದೆ. ಚಿಟಿಕೆ ಉಪ್ಪು, ಚಿಟಿಕೆ ಅರಿಶಿನ ಸೇರಿಸಿದರೆ ಹಿಟ್ಟಿನ ಲೆಕ್ಕ ಮುಗಿಯಿತು.

ಇನ್ನು ಕಬ್ಬಿನ ಹಾಲು. ತೊಡೆದೇವಿನ ಅರ್ಧ ಗುಟ್ಟು ಇದರಲ್ಲೇ ಇದೆ.

ಸಂಕ್ರಾಂತಿಯ ಆಸುಪಾಸಿಗೆ ಮಲೆನಾಡಿನಲ್ಲಿ ಆಲೆಮನೆ ಶುರುವಾಗುತ್ತದೆ. ಕೋಣ ಕಟ್ಟಿ ತಿರುಗಿಸುತ್ತಿದ್ದ ಗಾಣಗಳು ಈಗ ಅಪರೂಪ, ಹೆಚ್ಚಿನ ಕಡೆ ಯಂತ್ರದ ಗಾಣ. ಗಾಣದಿಂದ ಆಗಷ್ಟೇ ಇಳಿದ ಹಾಲಿನಲ್ಲಿ ಕಬ್ಬಿನ ತಳಿ, ಬಲಿತ ಪ್ರಮಾಣ ನೋಡಿಕೊಂಡು 100 ಮಿಲಿಲೀಟರಿಗೆ ಹೆಚ್ಚುಕಡಿಮೆ 15ರಿಂದ 18 ಗ್ರಾಂ ಸಕ್ಕರೆ ಇರುತ್ತದೆ. ಅದರಲ್ಲಿ ಬಹುಪಾಲು ಸುಕ್ರೋಸ್, ಅಂದರೆ ನಾವು ಅಂಗಡಿಯಿಂದ ತರುವ ಬಿಳಿ ಸಕ್ಕರೆಯಲ್ಲಿರುವುದೇ. ಸ್ವಲ್ಪ ಮಾತ್ರ ಗ್ಲೂಕೋಸ್, ಫ್ರಕ್ಟೋಸ್.

ಈ ಹಾಲು ಹೆಚ್ಚು ಹೊತ್ತು ಹಾಗೇ ಇರುವುದಿಲ್ಲ. ಗಾಳಿ ತಾಗುತ್ತಲೇ ಅದರಲ್ಲಿನ ಕಿಣ್ವಗಳು ಅದನ್ನು ಕಪ್ಪಾಗಿಸುತ್ತವೆ. ಹೆಚ್ಚಿಟ್ಟ ಬದನೆ ಕಪ್ಪಾಗುವುದೂ ಇದೇ ಬಗೆಯ ಕಿಣ್ವದಿಂದ. ಬಣ್ಣದಿಂದ ತೊಂದರೆ ಏನೂ ಇಲ್ಲ. ತೊಂದರೆ ಇರುವುದು ಹುಳಿಯಲ್ಲಿ. ಹಾಲು ಹುಳಿಯಾಗುತ್ತ ಹೋದಂತೆ ಒಂದೊಂದು ಸುಕ್ರೋಸ್ ಕಣವೂ ಮುರಿದು ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್ ಆಗುತ್ತದೆ. ಹೀಗೆ ಮುರಿದದ್ದಕ್ಕೆ ಇನ್ವರ್ಟ್ ಸಕ್ಕರೆ ಎನ್ನುತ್ತಾರೆ. ಬಾಯಿಗೆ ಸಿಹಿ ಕಡಿಮೆಯಾಗುವುದಿಲ್ಲ, ಆದರೆ ತೊಡೆದೇವು ಗರಿಯಾಗುವುದಿಲ್ಲ.

ಏಕೆ ಎನ್ನುವುದಕ್ಕೆ ಆ ಗಾಜಿನ ವಿಷಯಕ್ಕೆ ಬರಬೇಕು. ಕರಗಿದ ಸಕ್ಕರೆಯನ್ನು ನಿಧಾನಕ್ಕೆ ಬಿಟ್ಟರೆ ಹರಳುಗಟ್ಟುತ್ತದೆ. ಬೇಗ ತಣಿಸಿದರೆ ಹರಳಾಗಲು ಪುರಸೊತ್ತಿಲ್ಲದೆ ಇದ್ದಲ್ಲೇ ಸೆಟೆದು ನಿಲ್ಲುತ್ತದೆ. ಮುಟ್ಟಿದರೆ ಗಟ್ಟಿ, ಬಗ್ಗಿಸಿದರೆ ಪಟ್ಟನೆ ಮುರಿಯುವ ಸ್ಥಿತಿ. ಒಳ್ಳೆಯ ಚಿಕ್ಕಿ ಹಲ್ಲಿಗೆ ಸಿಕ್ಕಾಗ ಮುರಿಯುವುದು ಹೀಗೇ. ಪ್ರತಿ ಸಕ್ಕರೆಗೂ ಒಂದು ಗಡಿ ಇದೆ. ಆ ಕಾವಿನ ಮೇಲೆ ಅದು ಮೆದು, ಕೆಳಗೆ ಗಾಜು. ಪೂರ್ತಿ ಒಣಗಿದ ಸುಕ್ರೋಸಿಗೆ ಈ ಗಡಿ 60-70 ಡಿಗ್ರಿಯ ನಡುವೆ. ಗ್ಲೂಕೋಸಿಗೆ 30 ಡಿಗ್ರಿಯ ಸುತ್ತಮುತ್ತ. ಫ್ರಕ್ಟೋಸಿಗೆ 10 ಡಿಗ್ರಿಯ ಆಸುಪಾಸು. ಶಿವಮೊಗ್ಗದ ಮಾರ್ಚ್ ಮಧ್ಯಾಹ್ನ 30 ಡಿಗ್ರಿ ದಾಟಿರುತ್ತದೆ. ಆ ಬಿಸಿಲಿನಲ್ಲಿ ಸುಕ್ರೋಸ್ ಗಾಜಾಗಿ ನಿಲ್ಲಬಲ್ಲದು, ಫ್ರಕ್ಟೋಸ್ ನಿಲ್ಲಲಾರದು. ಮಡಕೆಯ ಮೇಲೆ ಬಿಸಿಯಿರುವಾಗ ಬಟ್ಟೆಯಂತೆ ಮಡಚಿಕೊಳ್ಳುವ ಹಾಳೆ, ಕೆಳಗಿಳಿದ ಕ್ಷಣದಲ್ಲಿ ಗರಿಯಾಗುವುದಕ್ಕೆ ಕಾರಣ ಅದು ಈ ಗಡಿಯನ್ನು ದಾಟಿ ಬಂದದ್ದು. ಹುಳಿಯಾದ ಹಾಲಿನಲ್ಲಿ ಮಾಡಿದ್ದು ಆ ಗಡಿಯನ್ನು ದಾಟುವುದೇ ಇಲ್ಲ. ಎಷ್ಟು ಹೊತ್ತು ಕಾಯಿಸಿದರೂ ಕಂದಾಗುತ್ತದೆಯೇ ಹೊರತು ಗರಿಯಾಗದು.

ಆಲೆಮನೆಯ ಕೊಪ್ಪರಿಗೆಗೆ ಸುಣ್ಣ ಹಾಕುವುದೂ ಇದೇ ಲೆಕ್ಕದಲ್ಲಿ. ಸುಣ್ಣ ಹುಳಿಯನ್ನು ಮುರಿಯುತ್ತದೆ, ಸುಕ್ರೋಸ್ ಉಳಿಯುತ್ತದೆ, ಬೆಲ್ಲ ಅಚ್ಚು ಕಟ್ಟುತ್ತದೆ. ಬೆಲ್ಲ ಕಾಯಿಸುವವರಿಗೆ ಈ ಸಕ್ಕರೆಗಳ ಹೆಸರು ಬೇಕಿರಲಿಲ್ಲ, ಗುಣ ಮಾತ್ರ ಚೆನ್ನಾಗಿ ಗೊತ್ತಿತ್ತು.

ಹಾಗಾದರೆ ಪೇಟೆಯಲ್ಲಿ ಇರುವವರು ಏನು ಮಾಡಬೇಕು? ಬೀದಿಯ ಕಬ್ಬಿನ ಹಾಲಿನ ಗಾಡಿಯಿಂದ ತರಬಹುದು, ಆದರೆ ಕಬ್ಬು ಗಾಣಕ್ಕೆ ಕೊಡುವ ಮೊದಲೇ ಹೇಳಿಬಿಡಿ: "ಅಣ್ಣಾ, ನಿಂಬೆಹಣ್ಣು ಬೇಡ, ಶುಂಠಿ ಬೇಡ, ಐಸ್ ಬೇಡ." ನಿಂಬೆಯ ಹುಳಿ ಮೇಲೆ ಹೇಳಿದ ಮುರಿಯುವ ಕೆಲಸವನ್ನು ಬೇಗ ಮಾಡುತ್ತದೆ, ಐಸ್ ನೀರಾಗಿ ಸಿಹಿ ತಗ್ಗಿಸುತ್ತದೆ, ಶುಂಠಿಯ ನಾರು ಹಿಟ್ಟಿಗೆ ಬರುತ್ತದೆ. ತಂದ ತಕ್ಷಣ ಸೋಸಿ ಫ್ರಿಜ್‌ನಲ್ಲಿಡಿ, ಅಂದೇ ಬಳಸಿ. ರುಬ್ಬುವಾಗ ಮಿಕ್ಸಿ ಬಿಸಿಯಾಗುವುದರಿಂದಲೂ ಹಾಲು ತಣ್ಣಗಿರುವುದೇ ಒಳ್ಳೆಯದು. ದೋಸೆ ಹಿಟ್ಟಿನಂತೆ ರಾತ್ರಿಯಿಡೀ ಇಡುವ ಯೋಚನೆ ಮಾತ್ರ ಬೇಡ. ಹಿಟ್ಟು ಹುಳಿ ಬಂದರೆ ಸಕ್ಕರೆಯೂ ಕೆಟ್ಟಿತು, ಗುಳ್ಳೆ ಎದ್ದು ಹಾಳೆಯೂ ತೂತಾಯಿತು.

ಅಳತೆಗೆ, ಒಂದು ಲೋಟ ಅಂದರೆ ಸುಮಾರು 200 ಗ್ರಾಂ ಅಕ್ಕಿಗೆ ಎಲ್ಲ ಸೇರಿ 600 ಮಿಲಿಲೀಟರ್ ಕಬ್ಬಿನ ಹಾಲು ಎಂದಿಟ್ಟುಕೊಳ್ಳಿ. ಸ್ವಲ್ಪ ಹಾಲು ಹಾಕಿ ರುಬ್ಬಿ, ಉಳಿದದ್ದನ್ನು ಆಮೇಲೆ ಬೆರೆಸಿ. ಹಿಟ್ಟು ನೀರುದೋಸೆಯ ಹದಕ್ಕಿಂತ ಇನ್ನೂ ತೆಳ್ಳಗಿರಬೇಕು. ಈ ಲೆಕ್ಕದಲ್ಲಿ ಅಕ್ಕಿಯ ತೂಕದ ಸುಮಾರು ಅರ್ಧದಷ್ಟು ಸಕ್ಕರೆ ಸೇರುತ್ತದೆ. ಇದನ್ನು ನೆನಪಿಟ್ಟರೆ ಕಬ್ಬಿಲ್ಲದ ಕಾಲದಲ್ಲೂ ಮಾಡಬಹುದು: 200 ಗ್ರಾಂ ಅಕ್ಕಿಗೆ 100 ಗ್ರಾಂ ಅಚ್ಚು ಬೆಲ್ಲ, ಕರಗಿಸಿ ಸೋಸಿ, ಉಳಿದದ್ದು ನೀರು. ಜೋನಿ ಬೆಲ್ಲ, ಅಂದರೆ ಅಚ್ಚು ಕಟ್ಟದ ದ್ರವ ಬೆಲ್ಲ ಬಳಸುವವರೂ ಇದ್ದಾರೆ. ನಮ್ಮ ಕಡೆ ಡಬ್ಬಗಳಲ್ಲಿ ತುಂಬಿಡುವ ಈ ಜೋನಿಯನ್ನು ಅಚ್ಚು ಕಟ್ಟುವ ಹದಕ್ಕಿಂತ ಮೊದಲೇ ಇಳಿಸಿರುತ್ತಾರೆ. ಅಚ್ಚು ಬೆಲ್ಲಕ್ಕೆ ಪಾಕ 118 ಡಿಗ್ರಿಯ ಸುತ್ತಮುತ್ತ ಬರಬೇಕು, ಜೋನಿಗೆ 105-106 ಸಾಕು. ಅದರಲ್ಲಿ ನೀರು ಹೆಚ್ಚು, ಇನ್ವರ್ಟ್ ಸಕ್ಕರೆಯೂ ಹೆಚ್ಚು. ರುಚಿಯಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ಜೋನಿಯ ತೊಡೆದೇವು ಬೇಗ ಮೆತ್ತಗಾಗುತ್ತದೆ. ಮಾಡಿದ ದಿನವೇ ತಿನ್ನುವುದಾದರೆ ಜೋನಿ ಇರಲಿ, ಕಟ್ಟಿ ಇಡುವುದಾದರೆ ಅಚ್ಚು ಬೆಲ್ಲ ಇರಲಿ.

ಬಿಳಿ ಸಕ್ಕರೆ ಹಾಕಬಹುದೇ ಎಂದು ಕೇಳುತ್ತಾರೆ. ಗರಿಗರಿ ಖಂಡಿತ ಆಗುತ್ತದೆ, ಬೆಲ್ಲಕ್ಕಿಂತ ಚೆನ್ನಾಗಿಯೇ ಆಗಬಹುದು. ಆದರೆ ನಾನು ಒಪ್ಪುವುದಿಲ್ಲ. ತೊಡೆದೇವಿನ ಕಂಪು ಬರುವುದು ಕಬ್ಬಿನ ಹಾಲಿನಲ್ಲಿರುವ ಸ್ವಲ್ಪ ಗ್ಲೂಕೋಸ್, ಫ್ರಕ್ಟೋಸ್ ಮತ್ತು ಅಮೈನೋ ಆಮ್ಲಗಳು ಕಾವಿಗೆ ಒಂದರೊಡನೊಂದು ಬೆರೆತು ಕಂದಾಗುವುದರಿಂದ. ಸಕ್ಕರೆಯಲ್ಲಿ ಮಾಡಿದ್ದು ಸಿಹಿಯಾದ ಅಕ್ಕಿಹಾಳೆ, ಅಷ್ಟೇ.

ಸಿಹಿ ಹೆಚ್ಚಾಗಲಿ ಎಂದು ಬೆಲ್ಲ ಸುರಿಯುವವರಿಗೂ ಒಂದು ಮಾತು ಹೇಳಬೇಕು. ಸಕ್ಕರೆ ನೀರನ್ನು ತನ್ನ ಹತ್ತಿರ ಹಿಡಿದಿಟ್ಟುಕೊಳ್ಳುತ್ತದೆ, ಪಿಷ್ಟಕ್ಕೆ ಅರಳಲು ಬೇಕಾದ ನೀರು ಸಿಗುವುದಿಲ್ಲ. ಅರಳುವ ಕಾವೂ ಮೇಲಕ್ಕೆ ಹೋಗುತ್ತದೆ. ಪೊರೆ ಸರಿಯಾಗಿ ಕೂಡುವ ಮೊದಲೇ ಸಕ್ಕರೆ ಕಂದಾಗಿ ಮಡಕೆಗೆ ಹಿಡಿಯುತ್ತದೆ. ಹಾಳೆ ಚೂರುಚೂರಾಗಿ ಬರುತ್ತಿದ್ದರೆ, ಅಂಚು ಕರಿದಾಗಿ ನಡುಭಾಗ ಅಂಟುತ್ತಿದ್ದರೆ, ಒಂದು ಹಿಡಿ ಅಕ್ಕಿಯನ್ನು ರುಬ್ಬಿ ಸೇರಿಸಿ ನೋಡಿ. ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಮಡಕೆ ಬೋರಲಾಗಿಯೇ ಏಕೆ ಇರಬೇಕು? ಕಟ್ಟಿಗೆ ಒಲೆಯ ಮೇಲೆ ಬಾಯಿ ಕೆಳಗೆ ಮಾಡಿ ಇಟ್ಟಾಗ ಉರಿ, ಬಿಸಿ ಗಾಳಿ ಎರಡೂ ಒಳಗೆ ತುಂಬಿಕೊಂಡು ಮಡಕೆಯ ಸುತ್ತಲ ಗೋಡೆಯನ್ನೂ ಕಾಯಿಸುತ್ತವೆ. ಕಾವಲಿಯಾದರೆ ನಡುವೆ ಹೆಚ್ಚು ಕಾವು, ಅಂಚಿಗೆ ಕಡಿಮೆ. ಮಡಕೆಯ ಬೆನ್ನಿನ ಮೇಲೆ ಹೆಚ್ಚಾದ ಹಿಟ್ಟು ಕೆಳಕ್ಕೆ ಇಳಿದುಹೋಗುತ್ತದೆ, ನಡುವೆ ಮಡುಗಟ್ಟುವುದಿಲ್ಲ. ಹಾಳೆ ಒಣಗಿ ಕುಗ್ಗುವಾಗ ಉಬ್ಬಿದ ಮೈಯಿಂದ ಅಂಚು ತಾನಾಗಿ ಬಿಡುತ್ತದೆ. ಮಣ್ಣು ಕಾವನ್ನು ನಿಧಾನಕ್ಕೆ ತೆಗೆದುಕೊಂಡು ನಿಧಾನಕ್ಕೆ ಕೊಡುತ್ತದೆ, ಉರಿ ಸ್ವಲ್ಪ ಏರಿಳಿದರೂ ಮಡಕೆಯ ಮೈ ಅಷ್ಟು ಬೇಗ ಏರಿಳಿಯುವುದಿಲ್ಲ. ಸಕ್ಕರೆ ಇರುವ ಹಿಟ್ಟಿಗೆ ಇದು ಬಹಳ ಮುಖ್ಯ, ಕಂದಾಗುವುದಕ್ಕೂ ಸೀಯುವುದಕ್ಕೂ ನಡುವೆ ಇರುವ ಅಂತರ ಬಹಳ ಸಣ್ಣದು.

ಹೊಸ ಮಡಕೆಯನ್ನು ಪಳಗಿಸದೆ ಹಿಟ್ಟು ಸವರಿದರೆ ಒಂದೂ ಏಳುವುದಿಲ್ಲ. ಮಣ್ಣಿನ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು, ಹಿಟ್ಟು ಅವುಗಳೊಳಗೆ ಇಳಿದು ಅಲ್ಲೇ ಬೇಯುತ್ತದೆ. ಹಾಗಾಗಿ ಒಂದು ದಿನ ನೀರಲ್ಲಿಟ್ಟು, ಚೆನ್ನಾಗಿ ಒಣಗಿಸಿ, ಎಣ್ಣೆ ಸವರಿ, ಸಣ್ಣ ಉರಿಯಲ್ಲಿ ಕಾಯಿಸಿ, ಆರಿಸಿ, ಮತ್ತೆ ಎಣ್ಣೆ ಸವರಿ ಕಾಯಿಸಬೇಕು. ಮಡಕೆಯ ಬೆನ್ನು ಕಪ್ಪಾಗಿ ನುಣುಪು ಬರುವ ತನಕ ಹೀಗೇ. ಕಾವಿಗೆ ಎಣ್ಣೆಯ ಕಣಗಳು ಗಾಳಿಯೊಡನೆ ಸೇರಿ ಒಂದಕ್ಕೊಂದು ಬೆಸೆದುಕೊಂಡು ಗಟ್ಟಿ ಪದರವಾಗುತ್ತವೆ. ಈ ಬೆಸುಗೆಗೆ ಎಲ್ಲ ಎಣ್ಣೆಯೂ ಆಗುವುದಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚಿನದು ಸ್ಯಾಚುರೇಟೆಡ್ ಕೊಬ್ಬು, ಬೆಸೆದುಕೊಳ್ಳುವ ಜಾಗವೇ ಅದರಲ್ಲಿ ಕಡಿಮೆ. ಶೇಂಗಾ ಎಣ್ಣೆ, ಎಳ್ಳೆಣ್ಣೆ ಈ ಕೆಲಸಕ್ಕೆ ಸರಿ. ಬೇರೆ ಎಲ್ಲದಕ್ಕೂ ಕೊಬ್ಬರಿ ಎಣ್ಣೆ ಹಿಡಿಯುವವರೂ ಮಡಕೆ ಪಳಗಿಸಲು ಮಾತ್ರ ಅದನ್ನು ಬಿಡಿ.

ಮಡಕೆ ಸಿಗದಿದ್ದರೆ ಚೆನ್ನಾಗಿ ಪಳಗಿದ ಕಬ್ಬಿಣದ ಬಾಣಲೆಯನ್ನು ಬೋರಲು ಹಾಕಿ ಮಾಡಬಹುದು. ಕಬ್ಬಿಣ ಬೇಗ ಬಿಸಿಯಾಗುತ್ತದೆ, ಉರಿ ಸಣ್ಣದಿರಲಿ. ಗ್ಯಾಸ್ ಒಲೆಯ ಮೇಲೆ ಮಡಕೆಯನ್ನಾಗಲಿ ಬಾಣಲೆಯನ್ನಾಗಲಿ ನೇರವಾಗಿ ಮುಚ್ಚಿ ಇಡಬೇಡಿ. ಉರಿಗೆ ಗಾಳಿ ಸಿಗದೆ ಗ್ಯಾಸ್ ಅರೆಬರೆ ಉರಿಯುತ್ತದೆ, ವಿಷಾನಿಲ ಬರುತ್ತದೆ. ಎತ್ತರದ ಸ್ಟ್ಯಾಂಡ್ ಇಟ್ಟು ಸುತ್ತ ಗಾಳಿಯಾಡುವಷ್ಟು ಸಂದು ಬಿಡಿ, ಕಿಟಕಿ ತೆರೆದಿರಲಿ. ಗಾಜಿನ ಮೈಯ ಒಲೆಯಾದರೆ ಈ ಸಾಹಸ ಬೇಡ. ಬೋರಲು ಪಾತ್ರೆಯೊಳಗಿನ ಕಾವು ಕೆಳಕ್ಕೆ ತಿರುಗಿ ಗಾಜು ಒಡೆಯಬಹುದು.

ಇನ್ನು ಸವರುವ ಕೆಲಸ. ಹಳೆ ಹತ್ತಿ ಬಟ್ಟೆಯನ್ನು, ಪಂಚೆಯ ತುಂಡಾದರೆ ಇನ್ನೂ ಒಳ್ಳೆಯದು, ನಾಲ್ಕೈದು ಪದರ ಮಡಚಿ ಒಂದು ಅಗಲ ಪಟ್ಟಿಯಾಗಿಸಿ ಕೋಲಿನ ತುದಿಗೆ ಕಟ್ಟುತ್ತಾರೆ. ಸಾಗರದ ಹತ್ತಿರದ ಒಂದು ಮನೆಯಲ್ಲಿ ಒಬ್ಬರು ದೊಡ್ಡಮ್ಮ ಇದನ್ನು ಸೊಸೆಗೆ ಕಲಿಸುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಹಿಟ್ಟಿನ ಪಾತ್ರೆ ಎಡಕ್ಕೆ, ಎಣ್ಣೆ ಬಟ್ಟೆ ಬಲಕ್ಕೆ. ಪ್ರತಿ ಸಲ ಅದ್ದುವ ಮೊದಲು ಬಟ್ಟೆಯ ತುದಿಯಿಂದಲೇ ಪಾತ್ರೆಯ ತಳ ಕದಡುತ್ತಿದ್ದರು, ಪಿಷ್ಟ ತಳಕ್ಕೆ ಕೂರುವುದರಿಂದ. ಬಟ್ಟೆ ಎತ್ತಿ ಹನಿ ನಿಲ್ಲುವ ತನಕ ಪಾತ್ರೆಯ ಮೇಲೇ ಹಿಡಿದು, ಆಮೇಲೆ ಮಡಕೆಯ ಆಚೆ ಬದಿಯಿಂದ ತಮ್ಮ ಕಡೆಗೆ ಒಂದೇ ಎಳೆತ. ಅದರ ಪಕ್ಕ ಅಂಚಿಗೆ ಅಂಚು ತಾಗುವಂತೆ ಇನ್ನೊಂದು. ಸೊಸೆಯ ಕೈ ನಡುವೆ ತಡೆದಾಗ, "ನಿಲ್ಲಿಸಬೇಡ ಮಾರಾಯ್ತಿ, ಎಳೀತಾ ಹೋಗು. ಹರಿದರೆ ಹರೀಲಿ" ಎಂದರು.

ನಿಲ್ಲಿಸಬಾರದು ಎನ್ನುವುದಕ್ಕೆ ಕಾರಣವಿದೆ. ಬಿಸಿ ಮೈಯ ಮೇಲೆ ಬಟ್ಟೆ ನಿಂತಲ್ಲಿ ಹಿಟ್ಟು ಇಳಿಯುತ್ತಲೇ ಇರುತ್ತದೆ, ಇಳಿದದ್ದು ಬೇಯುತ್ತಲೇ ಇರುತ್ತದೆ, ಅಲ್ಲೊಂದು ದಪ್ಪ ಗೆರೆ ಬೀಳುತ್ತದೆ. ದಪ್ಪ ಇದ್ದಲ್ಲಿ ನೀರು ಉಳಿಯುತ್ತದೆ, ನೀರಿರುವ ತನಕ ಅಲ್ಲಿನ ಕಾವು 100 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ತೆಳುವಿದ್ದಲ್ಲಿ ನೀರು ಹಾರಿ ಕಾವು ಮೇಲೇರಿ ಸಕ್ಕರೆ ಕಂದಾಗಲು ತೊಡಗಿರುತ್ತದೆ. ಒಂದೇ ಹಾಳೆಯಲ್ಲಿ ಒಂದು ಕಡೆ ಹಸಿ, ಇನ್ನೊಂದು ಕಡೆ ಸೀದದ್ದು. ಎಬ್ಬಿಸುವಾಗ ಹರಿಯುವುದು ಈ ಎರಡರ ನಡುವಿನ ಗೆರೆಯಲ್ಲೇ.

ಕಾವು ನೋಡಲು ಒಂದೆರಡು ಹನಿ ನೀರು ಚಿಮುಕಿಸಿ. ಚುರ್ ಎಂದು ತಕ್ಷಣ ಆರಿದರೆ ಸರಿ. ನೀರು ಹಾಗೇ ಜಾರಿ ಇಳಿದರೆ ಇನ್ನೂ ಕಾಯಬೇಕು. ಸವರಿದ ಹಿಟ್ಟು ಮೈಗೆ ಕೂರದೆ ಬಟ್ಟೆಗೇ ಮುದ್ದೆಯಾಗಿ ಸುತ್ತಿಕೊಂಡು ಬಂದರೆ ಕಾವು ಹೆಚ್ಚಾಗಿದೆ, ಉರಿ ಹಿಂದೆಗೆಯಿರಿ. ಎಣ್ಣೆ ಸವರಿದ ಮೇಲೆ ಒಣ ಬಟ್ಟೆಯಿಂದ ಒರೆಸಿಬಿಡಿ, ಮೈ ಮಿರುಗಿದರೆ ಸಾಕು. ಎಣ್ಣೆ ಹನಿಯಾಗಿ ನಿಂತಲ್ಲಿ ನೀರಿನ ಹಿಟ್ಟು ಕೂರುವುದಿಲ್ಲ. ಹಾಳೆಯಲ್ಲಿ ದುಂಡನೆಯ ತೂತು ಕಂಡರೆ ಅದು ಎಣ್ಣೆಯದು, ಉದ್ದನೆಯ ಗೀರು ಕಂಡರೆ ತರಿಯದು. ಅಂಚು ಬಿಟ್ಟುಕೊಂಡು ಬಣ್ಣ ಹೊಂಬಣ್ಣಕ್ಕೆ ತಿರುಗಿದಾಗ ಚಾಕುವಿನ ಮೊಂಡು ಬದಿಯಿಂದ ಎಬ್ಬಿಸಿ, ಮಡಕೆಯ ಮೇಲಿರುವಾಗಲೇ ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಚಿ. ಕೆಳಗಿಳಿಸಿ ಮಡಚುತ್ತೇನೆ ಎಂದರೆ ಆಗದು, ಅಷ್ಟರಲ್ಲಿ ಗಾಜಾಗಿರುತ್ತದೆ.

ಮಾಡಿದ್ದನ್ನು ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ. ಬಿಸಿಯಲ್ಲೇ ಮುಚ್ಚಿದರೆ ಒಳಗಿನ ಆವಿಯೇ ಸಾಕು ಹಾಳು ಮಾಡಲು. ಸಕ್ಕರೆಯ ಗಾಜಿಗೆ ನೀರೇ ಶತ್ರು, ಸ್ವಲ್ಪವೇ ತೇವ ಸೇರಿದರೂ ಆ 60-70 ಡಿಗ್ರಿಯ ಗಡಿ ಕುಸಿದು ಕೋಣೆಯ ಕಾವಿಗೆ ಬಂದುಬಿಡುತ್ತದೆ. ಬೇಸಿಗೆಯಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಕೆಲವು ವಾರ ಗರಿಯಾಗಿಯೇ ಇರುವ ತೊಡೆದೇವು, ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮಳೆ ದಾಟುವ ಆಗುಂಬೆಯಂಥ ಕಡೆ ಜುಲೈಯಲ್ಲಿ ಡಬ್ಬಿ ತೆರೆದಿಟ್ಟರೆ ಬೇಗನೆ ಬಟ್ಟೆಯಾಗುತ್ತದೆ. ಮಳೆಗಾಲದಲ್ಲಿ ದೊಡ್ಡ ಡಬ್ಬಿಯ ಬದಲು ಸಣ್ಣ ಸಣ್ಣ ಡಬ್ಬಿಗಳಲ್ಲಿ ತುಂಬಿಡಿ, ಒಮ್ಮೆ ತೆರೆದದ್ದು ಅಂದೇ ಖಾಲಿಯಾಗಲಿ. ಮೆತ್ತಗಾದದ್ದನ್ನು ಎಸೆಯಬೇಕಿಲ್ಲ, ಸಣ್ಣ ಉರಿಯ ಕಾವಲಿಯ ಮೇಲೆ ತುಸು ಹೊತ್ತು ಇಟ್ಟು ತೆಗೆದರೆ ತೇವ ಹೋಗಿ, ಆರಿದಾಗ ಮತ್ತೆ ಗರಿಯಾಗುತ್ತದೆ. ಹಾಲು, ತುಪ್ಪವನ್ನು ತಿನ್ನುವ ಹೊತ್ತಿಗೆ ಮಾತ್ರ ಹಾಕಿಕೊಳ್ಳಿ.

ಕೆಲಸ ಮುಗಿದ ಮೇಲೆ ಮಡಕೆಗೆ ಸೋಪು, ಪಾತ್ರೆ ತಿಕ್ಕುವ ನಾರು ಮುಟ್ಟಿಸಬೇಡಿ. ಹತ್ತಿದ ಹಿಟ್ಟನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿ, ಒಲೆಯ ಕಾವಿನಲ್ಲೇ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಅಟ್ಟದ ಮೇಲೆ ತೇವ ತಾಗದ ಕಡೆ ಇಡಿ. ಮುಂದಿನ ಕಬ್ಬಿನ ಕಾಲಕ್ಕೆ ಮೊದಲಿನಿಂದ ಪಳಗಿಸುವ ಕೆಲಸ ತಪ್ಪುತ್ತದೆ.